ಬಿಜಲಿಯ ಎಡ ಹಿಂಗಾಲು

ಇವತ್ತು ಮಾಡಿದ ಕೆಲಸಗಳು ಇಷ್ಟು. ಅಂಗಳ ಗುಡಿಸಿ ನೀರು ಹೊಡೆದೆ. ಹಾಲು ಕಾಯಿಸಿದೆ, ಅದರಲ್ಲಿ ಅರ್ಧ ಪಾವು ಒಲೆಗೆ ಉಕ್ಕಿಸಿದೆ. ಹದಿನಾಲ್ಕು ರೊಟ್ಟಿ ಬಡಿದೆ. ಅತ್ತೆಯವರ ಬಿ.ಪಿ. ಗುಳಿಗೆಯನ್ನು ಮನೆಯೆಲ್ಲ ಹುಡುಕಿ ಅವರ ಎಲೆಯಡಿಕೆ ಚೀಲದಲ್ಲೇ ಕಂಡುಹಿಡಿದೆ. ಎರಡು ಸೀರೆ, ನಾಲ್ಕು ಬನಿಯನ್ನು, ಒಂದು ಗೋಣಿತಟ್ಟು ಒಗೆದು ಹಾಕಿದೆ. ಕುದುರೆಯ ಹಿಂಗಾಲಿನ ಪಕ್ಕದಲ್ಲಿ ಒಂದೂವರೆ ತಾಸು ನಿಂತೆ. ಮೆಂತ್ಯಪಲ್ಲೆ ಸೋಸಿದೆ.

ಪಟ್ಟಿಯಲ್ಲಿ ಒಂದು ಕೆಲಸ ಮಿಕ್ಕವುಗಳ ಜೊತೆ ಹೊಂದುವುದಿಲ್ಲ ಎಂದು ನಿಮಗೆ ಅನ್ನಿಸಿರಬಹುದು. ಮೊದಮೊದಲು ನನಗೂ ಹಾಗೇ ಅನ್ನಿಸುತ್ತಿತ್ತು. ನಾನು ಯಲಬುರ್ಗಾ ಕಡೆಯ ಮಂಗಳೂರಿನವಳು. ಊರ ಹೆಸರು ಹೇಳಿದೊಡನೆ ಸಮುದ್ರ ಎಷ್ಟು ದೂರ ಎಂದು ಕೇಳುವವರಿಗೆ ಉತ್ತರ ಕೊಟ್ಟು ಸಾಕಾಗಿದೆ. ನಮ್ಮಲ್ಲಿ ಇರುವುದು ಜೋಳ, ಕಡಲೆ ಮತ್ತು ಧೂಳು. ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಸೋಮವಾರ ಅದಕ್ಕೆ ರಜೆ, ನನಗಲ್ಲ. ನಮ್ಮ ಮನೆಯವರದು ಮದುವೆ ಸಾಮಾನು ಬಾಡಿಗೆ ಕೊಡುವ ಉದ್ಯೋಗ: ಶಾಮಿಯಾನ, ಕುರ್ಚಿ, ನೂರು ಜನಕ್ಕೆ ಅನ್ನ ಬೇಯುವ ಪಾತ್ರೆ, ಮತ್ತು ಮದುಮಗನನ್ನು ಕೂರಿಸಿ ಮೆರೆಸಲು ಒಂದು ಕುದುರೆ. ಆ ಹಳೆಯ ಕುದುರೆ ಹೋದ ವರ್ಷ ಹೊಟ್ಟೆನೋವು ಬಂದು ಒಂದೇ ದಿನದಲ್ಲಿ ತೀರಿಕೊಂಡಿತು. ಉಳಿದದ್ದು ಅದರ ಮರಿ. ಕೆಂಚು ಬಣ್ಣ, ಹಣೆಯ ಮೇಲೆ ಬೆರಳಗಲ ಬಿಳುಪು, ಎರಡೂವರೆ ವರ್ಷದ ಹೆಣ್ಣು. ಹುಟ್ಟಿದ ದಿನ ಊರಲ್ಲಿ ಕರೆಂಟ್ ಇರಲಿಲ್ಲ, ಅದಕ್ಕೇ ಬಿಜಲಿ ಎಂದು ಹೆಸರಿಟ್ಟರು.

ಊರಿನಲ್ಲಿ ನನಗೆ ತಾಳ್ಮೆಯ ಹೆಂಗಸು ಎಂಬ ಹೆಸರಿದೆ. ಪುಸ್ತಕ ಒಯ್ದು ಎರಡು ವರ್ಷವಾದರೂ ತಂದುಕೊಡದವರನ್ನು ಕಂಡಾಗ ನಾನು ಮೊದಲು ಅವರ ಮನೆಯ ಎಮ್ಮೆಯ ಆರೋಗ್ಯ ವಿಚಾರಿಸುತ್ತೇನೆ. ಎರಡು ತಿಂಗಳಿಂದ ಆ ಹೆಸರು ಇನ್ನಷ್ಟು ಬೆಳೆದಿದೆ. ‘ಒದೆಯೋ ಕುದುರಿ ಮುಂದ ಹೆಂಗ ನಿಂತಾಳ ನೋಡ್ರಿ, ಎಂಥಾ ಸಮಾಧಾನ!’ ಎಂದು ಗ್ರಂಥಾಲಯಕ್ಕೆ ಪೇಪರು ಓದಲು ಬರುವವರು ನನ್ನೆದುರಿಗೇ ಹೇಳುತ್ತಾರೆ. ನಾನು ತಲೆ ತಗ್ಗಿಸಿ ರಿಜಿಸ್ಟರಿನಲ್ಲಿ ಗೆರೆ ಎಳೆಯುತ್ತೇನೆ. ಅದನ್ನು ಅವರು ವಿನಯ ಎಂದುಕೊಳ್ಳುತ್ತಾರೆ.

ನಿಜ ಸಂಗತಿ ಹೇಳುವ ಮೊದಲು ನಮ್ಮ ಮನೆಯ ದೊಡ್ಡ ತಪ್ಪೊಂದನ್ನು ಹೇಳಬೇಕು. ನಮ್ಮದು ಮೂರು ತಲೆಮಾರಿನಿಂದ ಎತ್ತು ಕಟ್ಟಿದ ಮನೆ. ಹೊಲ ಪಾಲಿಗೆ ಹೋಗಿ, ಎತ್ತು ಮಾರಿ, ಆ ಗೂಟಕ್ಕೇ ಕುದುರೆ ಕಟ್ಟಿದೆವು. ಗೂಟ ಅದೇ, ಗೋದಲಿ ಅದೇ, ನಮ್ಮ ಬುದ್ಧಿಯೂ ಅದೇ. ಎತ್ತು ಹಿಂದಿನಿಂದ ಹೋಗಿ ಬೆನ್ನು ತಟ್ಟಿದರೆ ಸರಿದು ಜಾಗ ಕೊಡುತ್ತದೆ. ಅತ್ತೆಯವರು ಸಗಣಿ ಬಳಿಯಲು ಹೋದಾಗಲೆಲ್ಲ ‘ಸರಿಯ ಬಸವಾ’ ಎಂದು ಬಿಜಲಿಯ ತೊಡೆಗೆ ಒಂದು ಬಿಡುತ್ತಿದ್ದರು. ನಮ್ಮ ಮನೆಯವರು ಅದನ್ನು ಮುಂದಕ್ಕೆ ನಡೆಸಲು ಬಾಲ ತಿರುವುತ್ತಿದ್ದರು. ಹಿಂದಿನಿಂದ ಬಂದು ಮುಟ್ಟುವುದೆಲ್ಲ ತನ್ನನ್ನು ತಿನ್ನಲು ಬಂದದ್ದು ಎಂದು ಕುದುರೆಯ ರಕ್ತದಲ್ಲೇ ಬರೆದಿರುತ್ತದಂತೆ. ನಮಗೆ ಅದು ಯಾರು ಹೇಳಬೇಕು? ಬಿಜಲಿ ಸಣ್ಣದಿರುವಾಗ ನಡುಗುತ್ತಿತ್ತು. ಒಂದು ವರ್ಷವಾದ ಮೇಲೆ ಕಿವಿ ಹಿಂದಕ್ಕೆ ಮಡಚಲು ಕಲಿಯಿತು. ಎರಡಾದ ಮೇಲೆ ಕಾಲೆತ್ತಿ ಝಾಡಿಸಲು ಕಲಿಯಿತು. ‘ತಾಯಿ ಹಾಂಗ ಇಲ್ಲ, ಹಟಮಾರಿ’ ಎಂದು ನಾವೆಲ್ಲ ಒಮ್ಮತದಿಂದ ತೀರ್ಮಾನಿಸಿದೆವು.

ಎರಡು ತಿಂಗಳ ಹಿಂದೆ ಅದರ ಎಡ ಹಿಂಗಾಲಿನ ಗೊರಸಿನಲ್ಲಿ ಸೀಳು ಕಂಡಿತು. ಗೊರಸು ನಮ್ಮ ಉಗುರಿನಂತೆಯೇ, ಬೆಳೆದದ್ದನ್ನು ಆಗಾಗ ಕತ್ತರಿಸಿ ತಿಕ್ಕಬೇಕು. ನಮ್ಮದು ಯಾರಿಗೂ ಕಾಲು ಕೊಡುವ ಕುದುರೆಯಲ್ಲ, ಹಾಗಾಗಿ ಗೊರಸು ಕಡುಬಿನ ಅಂಚಿನಂತೆ ಹೊರಗೆ ಚಾಚಿಕೊಂಡಿತ್ತು. ನಮ್ಮ ಓಣಿಯ ಕೊನೆಗೆ ಹುಸೇನಸಾಬರ ಮನೆ. ಎತ್ತುಗಳಿಗೆ ಲಾಳ ಕಟ್ಟುವುದರಲ್ಲಿ ಸುತ್ತ ಹತ್ತು ಹಳ್ಳಿಗೆ ಅವರೊಬ್ಬರೇ. ವಯಸ್ಸು ಅರವತ್ತು ದಾಟಿದೆ. ಎತ್ತಿಗೆ ಲಾಳ ಕಟ್ಟುವುದನ್ನು ನೋಡದವರಿಗೆ ಹೇಳುತ್ತೇನೆ: ಹಗ್ಗ ಸುತ್ತಿ ಎತ್ತನ್ನು ಮೆಲ್ಲಗೆ ಕೆಡವುತ್ತಾರೆ, ನಾಲ್ಕೂ ಕಾಲು ಸೇರಿಸಿ ಕಟ್ಟುತ್ತಾರೆ, ಮೊಳೆ ಹೊಡೆಯುತ್ತಾರೆ, ಬಿಚ್ಚುತ್ತಾರೆ. ಎತ್ತು ಎದ್ದು ಮೈ ಕೊಡವಿ ಮೇವು ತಿನ್ನುತ್ತದೆ. ಅವತ್ತು ಹುಸೇನಸಾಬರ ಅಂಗಳದಲ್ಲಿ ನಾಲ್ಕು ಎತ್ತು ಸಾಲುಗಟ್ಟಿದ್ದವು. ನಮ್ಮ ಮನೆಯವರು, ‘ಎರಡು ನಿಮಿಷದ ಕೆಲಸ ಬರ್ರಿ ಮಾವಾ, ಎತ್ತಿನಂಗ ಕೆಡವಿದ್ರ ಆತು’ ಎಂದು ಅವರನ್ನು ನಡುವೆ ಎಬ್ಬಿಸಿಕೊಂಡು ಬಂದರು.

ಕೆಡವಿದರು. ಆ ಸದ್ದನ್ನು ನಾನು ಇಲ್ಲಿ ಬಣ್ಣಿಸುವುದಿಲ್ಲ. ಹಿಂಗಾಲುಗಳಿಗೆ ಹಾಕಿದ ಹಗ್ಗವನ್ನು ಹೊಟ್ಟೆಗುಂಟ ಎಳೆದು, ಕುತ್ತಿಗೆಗೆ ಹಾಕಿದ್ದ ಕುಣಿಕೆಗೆ ಗಂಟು ಹಾಕಿದರು. ‘ತಂಗೀ, ಕಣ್ಣ ಮ್ಯಾಲೆ ತಟ್ಟು ಹಾಕಿ ಕುಂದ್ರು. ಈ ಗಂಟನ್ನ ಮಾತ್ರ ಮುಟ್ಟಬ್ಯಾಡ’ ಎಂದರು ಹುಸೇನಸಾಬರು. ನಾನು ಗೋಣಿತಟ್ಟು ಹಾಕಿ ಕುದುರೆಯ ತಲೆಯ ಬಳಿ ಕುಳಿತೆ. ಅದು ಕೂಗಲಿಲ್ಲ, ನರಳಿತು. ಹೆರಿಗೆಯ ಕೋಣೆಯ ಹೊರಗೆ ನಿಂತವರಿಗೆ ಕೇಳಿಸುವಂಥ ನರಳಿಕೆ. ಕುಣಿಕೆ ಕುತ್ತಿಗೆಯ ಚರ್ಮಕ್ಕೆ ಕಚ್ಚಿತ್ತು. ಅದು ಒದ್ದಾಡಿದಾಗಲೆಲ್ಲ ಇನ್ನೂ ಕಚ್ಚುತ್ತಿತ್ತು. ನಾನು ಎರಡು ಬೆರಳು ತೂರಿಸಿ ಗಂಟನ್ನು ಕೊಂಚ ಸಡಿಲಿಸಿದೆ. ಕೊಂಚವೇ, ಬಿಗಿಯಾದ ಕುಬಸದ ಗುಂಡಿ ಬಿಡುವಷ್ಟು.

ಹಗ್ಗ ಜಾರಿತು. ಎಡಗಾಲು ಹೊರಗೆ ಬಂದದ್ದು ಯಾರಿಗೂ ಕಾಣಲಿಲ್ಲ, ಕೇಳಿಸಿತು. ಒಣ ಜೋಳದ ದಂಟು ಮುರಿದಂಥ ಸದ್ದು. ಹುಸೇನಸಾಬರು ಕುಳಿತಲ್ಲೇ ಪಕ್ಕಕ್ಕೆ ವಾಲಿದರು. ಮೊಣಕಾಲ ಚಿಪ್ಪು ಮೂರು ಹೋಳಾಗಿತ್ತೆಂದು ಕೊಪ್ಪಳದ ಆಸ್ಪತ್ರೆಯಲ್ಲಿ ಫೋಟೋ ಹಿಡಿದು ತೋರಿಸಿದರು. ಅವತ್ತಿನಿಂದ ನಾನು ಕುದುರೆಗೆ ದಂಟು ಮುರಿದು ಹಾಕುವುದಿಲ್ಲ, ಇಡಿಯಾಗಿ ಹಾಕುತ್ತೇನೆ.

‘ಗಂಟು ಹರಕೊಂಡು ಒದೀತ್ರಿ, ರಾಕ್ಷಸಿ ಐತಿ’ ಎಂದು ನಮ್ಮ ಮನೆಯವರು ಊರಿಗೆಲ್ಲ ಹೇಳಿದರು. ನಾನು ಸುಮ್ಮನಿದ್ದೆ. ಆಸ್ಪತ್ರೆಗೆ ಊಟದ ಡಬ್ಬಿ ಒಯ್ದಾಗ ಸುಮ್ಮನಿದ್ದೆ. ಹುಸೇನಸಾಬರ ಹೆಂಡತಿ ನನ್ನ ಕೈ ಹಿಡಿದು ‘ನೀ ಎಷ್ಟು ಮಾಡ್ತಿ ಯವ್ವಾ ನಮಗ’ ಎಂದಾಗಲೂ ಸುಮ್ಮನಿದ್ದೆ. ನನ್ನ ತಾಳ್ಮೆ ಎಂದು ಊರು ಹೊಗಳುತ್ತಿರುವುದು ಇದೇ ಸುಮ್ಮನಿರುವಿಕೆಯನ್ನು.

ಇತ್ತ ಸೀಳು ಮೇಲಕ್ಕೆ ಏರುತ್ತಿತ್ತು. ದನದ ಡಾಕ್ಟರು ಬಂದರು. ಮಂಪರು ಬರುವ ಇಂಜೆಕ್ಷನ್ ಕೊಟ್ಟು ಕತ್ತರಿಸೋಣ ಎಂದರು. ಸೂಜಿ ಹಿಡಿದು ಹತ್ತಿರ ಹೋಗುವಷ್ಟರಲ್ಲಿ ಬಿಜಲಿ ತನ್ನ ಹಿಂಭಾಗವನ್ನು ಅವರ ಕಡೆ ತಿರುಗಿಸಿ ಕಿವಿ ಮಡಚಿತು. ಡಾಕ್ಟರು ಎರಡು ಸುತ್ತು ಬಂದರು, ಅದೂ ಎರಡು ಸುತ್ತು ತಿರುಗಿತು. ಆಮೇಲೆ ಅವರು ಗಾಡಿಯ ಮೇಲೆ ಕುಳಿತು, ಇಂಜಿನ್ ಚಾಲೂ ಮಾಡಿಕೊಂಡು, ಉಳಿದ ಸಲಹೆಯನ್ನು ಅಲ್ಲಿಂದಲೇ ಹೇಳಿದರು: ‘ಸೀಳು ಕೂದಲಿನ ಗೆರೆ ಮುಟ್ಟಿತಂದ್ರ ಜನ್ಮಕ್ಕ ಕುಂಟು ನೋಡ್ರಿ. ಈ ಅಮಾಸಿ ಬಿಟ್ಟು ಮುಂದಿನ ಅಮಾಸಿ ಒಳಗ ಏನರ ಮಾಡ್ರಿ.’ ಕೂದಲಿನ ಗೆರೆಗೆ ಆಗ ಎರಡು ಬೆರಳಿನಷ್ಟು ಅಂತರವಿತ್ತು. ನಾನು ಸಡಿಲಿಸಿದ್ದೂ ಅಷ್ಟೇ. ನಮ್ಮ ಮನೆಯವರು, ಆ ಅಮಾವಾಸ್ಯೆಯ ಮರುದಿನ ಬಂದವರಿಗೆ ಮಾರಿಬಿಡುತ್ತೇನೆ ಎಂದರು. ಕುಂಟಾಗುತ್ತಿರುವ, ಮನುಷ್ಯನ ಕಾಲು ಮುರಿದ ಕುದುರೆಯನ್ನು ಕೊಳ್ಳಲು ಬರುವವರು ಅದನ್ನು ಏನು ಮಾಡುತ್ತಾರೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅವರು ಏನೂ ಪ್ರಯತ್ನ ಮಾಡಲಿಲ್ಲ ಎಂದರೆ ತಪ್ಪಾಗುತ್ತದೆ. ಫೋನಿನಲ್ಲಿ ಯಾವುದೋ ದೇಶದ ದೊಡ್ಡ ಟೋಪಿಯವನು ಕುದುರೆ ಪಳಗಿಸುವುದನ್ನು ವಾರಗಟ್ಟಲೆ ನೋಡಿದರು. ಮಾತು ತಿಳಿಯದಿದ್ದರೂ ಅವನು ತುಟಿಯಿಂದ ಮಾಡುವ ಮುತ್ತಿನ ಸದ್ದು ಮಾತ್ರ ತಿಳಿಯಿತು. ಬೆಳಗಾದರೆ ಗೋದಲಿಯ ಮುಂದೆ ನಿಂತು ಪುಚ್ ಪುಚ್ ಎನ್ನುವರು. ಕುದುರೆ ಹೌಹಾರಿ ಹಗ್ಗ ಜಗ್ಗುವುದು. ಅತ್ತೆಯವರು ಕಟ್ಟೆಯ ಮೇಲೆ ಅಡಿಕೆ ಕತ್ತರಿಸುತ್ತ, ‘ಮದಿವ್ಯಾಗಿ ಇಪ್ಪತ್ತಾರು ವರ್ಸಾತು, ಕಟ್ಟಿಕೊಂಡಾಕಿಗೆ ಒಂದಿನ ಆ ಸಪ್ಪಳ ಮಾಡಿದ್ದು ಕೇಳಿಲ್ಲ ನಾ. ಕುದುರಿಗ್ಯಾಕ ಬೇಕೋ ಅದು?’ ಎಂದರು. ಆ ದಿನದಿಂದ ಆ ವಿದ್ಯೆ ನಿಂತಿತು. ಟೋಪಿಯವನ ಜಾಗಕ್ಕೆ ನಾನು ಬಂದೆ.

ಗ್ರಂಥಾಲಯದಲ್ಲಿ ಕುದುರೆಯ ಬಗ್ಗೆ ಇದ್ದದ್ದು ಮಕ್ಕಳ ಚಿತ್ರಪುಸ್ತಕ ಒಂದೇ. ಹಾಗಾಗಿ ನನ್ನದೇ ಪದ್ಧತಿ ಮಾಡಿಕೊಂಡೆ. ಬೆಳಗ್ಗೆ ಅರ್ಧ ತಾಸು, ಸಂಜೆ ಅರ್ಧ ತಾಸು. ಉದ್ದನೆಯ ಕೋಲಿನ ತುದಿಗೆ ಹಳೇ ಸೀರೆ ಸುತ್ತಿ, ದೂರದಿಂದಲೇ ಅದರ ಬೆನ್ನು, ತೊಡೆ, ಕಾಲು ಸವರುವುದು. ಮುಂದಿನಿಂದಲೇ ಹೋಗುವುದು, ಹೋಗುವ ಮುಂಚೆ ಮಾತಾಡುವುದು. ಇಷ್ಟು ಸರಿಯಾಗಿಯೇ ಇತ್ತು. ಮೂರು ವಾರದಲ್ಲಿ ತೊಡೆಯ ತನಕ ಕೋಲು ಹೋಯಿತು. ಅದರ ಕೆಳಗೆ ಹೋದೊಡನೆ ಅದು ಒದೆಯುವುದು, ನಾನು ‘ಪಾಪ, ಬ್ಯಾಡವ್ವಾ, ಬ್ಯಾಡ’ ಎಂದು ಕೋಲು ಹಿಂದಕ್ಕೆ ಎಳೆಯುವುದು. ಮರುದಿನ ಮತ್ತೆ ಅದೇ. ದಿನದಿಂದ ದಿನಕ್ಕೆ ಅದರ ಒದೆತ ಚೊಕ್ಕವಾಗುತ್ತ ಹೋಯಿತು. ಅಮಾವಾಸ್ಯೆಗೆ ಹತ್ತು ದಿನ ಉಳಿದಾಗ ನನ್ನ ಕೋಲು ಎರಡು ತುಂಡಾಯಿತು.

ಆ ದಿನವೇ ಓಣಿಯ ಕೊನೆಯಿಂದ ಟಕ್ ಟಕ್ ಎಂದು ಊರುಗೋಲಿನ ಸದ್ದು ಬಂತು. ಹುಸೇನಸಾಬರು. ಹತ್ತು ಮನೆ ದಾಟಲು ಅವರಿಗೆ ಕಾಲು ತಾಸು ಹಿಡಿಯಿತು. ನಾವು ಹಾಕಿದ ಹೊರಸಿನ ಮೇಲೆ ಕಾಲು ನೀಡಿ ಕುಳಿತು, ಬೇವಿನ ನೆರಳಿನಿಂದ ನನ್ನ ಪಾಠ ನೋಡಿದರು. ಬಿಜಲಿ ಒದೆಯಿತು. ನಾನು ಎಂದಿನಂತೆ ಹಿಂದೆ ಸರಿದೆ.

‘ತಂಗೀ, ಛಲೋ ಕಲಸಾಕತ್ತೀಯವ್ವಾ’ ಎಂದರು.

‘ಹೌದೇನ್ರಿ ಮಾವಾ?’

‘ಒದಿಯೋದನ್ನ. ಭಾಳ ಛಲೋ ಕಲಸಾಕತ್ತಿ. ಅದು ಒದ್ದಾಗ ನೀ ಕೈ ತಗೀತಿ. ಒದ್ರ ಬಿಡ್ತಾರ ಅಂತ ಅದಕ್ಕ ಗೊತ್ತಾಗೇತಿ. ಸುಮ್ಮ ನಿಂತಾಗ ತಗೀಬೇಕು. ಒಂದು ಉಸುರು ನಿಂತ್ರೂ ಸಾಕು, ಆಗ ತಗಿ. ಒದ್ದಾಗ ಅಲ್ಲೇ ಇರಬೇಕು. ಒದ್ದಾಡುವಾಗ ಬಿಟ್ಟಿ ಅಂದ್ರ ಜಲ್ಮಕ್ಕ ಕೆಡಿಸಿದಂಗ.’

ನನ್ನ ಕೈಯಲ್ಲಿದ್ದ ಅರ್ಧ ಕೋಲು ಕೆಳಗೆ ಬಿತ್ತು. ಒದ್ದಾಡುವಾಗ ಬಿಟ್ಟವಳು ನಾನೇ ಅಲ್ಲವೆ? ಆ ಮೊದಲ ಪಾಠವನ್ನು ಇವರ ಮೊಣಕಾಲಿನ ಮೇಲೆ ಬರೆಸಿದವಳೇ ನಾನು. ಅತ್ತೆಯವರು ಒಳಗೆ ಚಹಾಕ್ಕೆ ಹೋಗಿದ್ದರು, ನಮ್ಮ ಮನೆಯವರು ಕುಷ್ಟಗಿಗೆ ಕುರ್ಚಿ ತಲುಪಿಸಲು ಹೋಗಿದ್ದರು. ಹೊರಸಿನ ಬಳಿ ನೆಲದಲ್ಲಿ ಕುಳಿತು ಎಲ್ಲವನ್ನೂ ಹೇಳಿಬಿಟ್ಟೆ. ಎರಡು ಬೆರಳು, ಕುಣಿಕೆ, ಗಂಟು, ಎಲ್ಲ. ಹೇಳುವಾಗ ಅಳಬೇಕೆಂದಿದ್ದೆ, ಬಿಕ್ಕಳಿಕೆ ಬಂದುಬಿಟ್ಟಿತು. ಅವರು ತಂಬಿಗೆ ನನ್ನ ಕಡೆ ಸರಿಸಿದರು.

‘ನಾ ಹಾಕಿದ ಗಂಟು ಎತ್ತು ಜಗ್ಗಿದ್ರೂ ಬಿಚ್ಚಂಗಿಲ್ಲ. ನಲವತ್ತು ವರ್ಸದಾಗ ಬಿಚ್ಚಿಲ್ಲ. ಅದು ಬಿಚ್ತಂದ್ರ ಯಾರದೋ ಕೈ ಹೋಗೇತಿ ಅಂತ ಅವತ್ತ ಆಸ್ಪತ್ರಿ ಗಾಡ್ಯಾಗ ಗೊತ್ತಾತು ನನಗ’ ಎಂದರು.

‘ಮತ್ಯಾಕ ಹೇಳಲಿಲ್ಲ ಮಾವಾ?’

‘ಏನಂತ ಹೇಳ್ಲಿ? ನಮ್ಮಪ್ಪ ಕೊಪ್ಪಳದ ಟೇಶನ್‌ನ್ಯಾಗ ಟಾಂಗಾ ಕುದುರಿಗೆ ಲಾಳ ಕಟ್ಟಾಂವ. ಕುದುರಿನ್ನ ಕೆಡವಬಾರದು, ನಿಲ್ಲಿಸೇ ಕಾಲು ತಗೋಬೇಕು ಅಂತ ಸಣ್ಣಾಂವ ಇದ್ದಾಗಿಂದ ಗೊತ್ತು ನನಗ. ಆದರ ಮನಿ ಮುಂದ ನಾಕು ಎತ್ತು ನಿಂತಿದ್ದುವು. ಲಗೂ ಮುಗಸಬೇಕಂತ ಕೆಡವಿದೆ. ಹಂಗಿದ್ದ ಮ್ಯಾಲೆ ನಿನ್ನ ಮ್ಯಾಲೆ ಯಾವ ಬಾಯಲೆ ಹಾಕ್ಲಿ?’ ಒಳಬಾಗಿಲಿನ ಕಡೆ ನೋಡಿ, ಧ್ವನಿ ತಗ್ಗಿಸಿ ಸೇರಿಸಿದರು: ‘ಇನ್ನೊಂದು ಮಾತು. ಇದನ್ನ ಮತ್ತ ಯಾರ ಮುಂದೂ ಹೇಳಬ್ಯಾಡ. ಹುಚ್ಚ ಕುದುರಿ ಒದ್ದು ಕಾಲು ಹೋತು ಅಂದ್ರ ಜನ ಚಹಾ ಕೊಡ್ತಾರ. ಲೈಬ್ರರಿ ಅಕ್ಕಾರು ಗಂಟು ಬಿಚ್ಚಿ ಕಾಲು ಹೋತಂದ್ರ ನಗತಾರವ್ವಾ.’

ಹೀಗೆ ನನ್ನ ತಪ್ಪೊಪ್ಪಿಗೆ ಓಣಿಯ ಕೊನೆಯ ತನಕವೂ ಹೋಗಲಿಲ್ಲ. ಊರಿನ ಲೆಕ್ಕಕ್ಕೆ ಬಿಜಲಿ ಇನ್ನೂ ರಾಕ್ಷಸಿ, ನಾನು ಇನ್ನೂ ಸಮಾಧಾನಿ. ನಮ್ಮಿಬ್ಬರಲ್ಲಿ ಒದ್ದವಳು ಯಾರು ಎಂಬುದು ಮೂವರಿಗೆ ಗೊತ್ತು; ಅದರಲ್ಲಿ ಒಂದಕ್ಕೆ ಮಾತು ಬರುವುದಿಲ್ಲ.

ಆಮೇಲಿನ ಹತ್ತು ದಿನ ಹುಸೇನಸಾಬರು ದಿನಾ ಬಂದರು. ಅವರ ಮೊಣಕಾಲು ಮಡಚುವುದಿಲ್ಲ, ಇನ್ನು ಯಾವ ಎತ್ತಿನ ಬಳಿಯೂ ಕುಕ್ಕರಗಾಲಲ್ಲಿ ಕೂರಲಾರರು. ಕೈ ಬೀಸಿ ತೋರಿಸಬಲ್ಲರು, ಬೈಯಬಲ್ಲರು. ಎರಡನ್ನೂ ಧಾರಾಳವಾಗಿ ಮಾಡಿದರು. ಹೊಸ ಕೋಲು, ಹೊಸ ಸೀರೆತುಂಡು. ಒದೆಯುವಾಗ ಕೋಲು ಅಲ್ಲೇ. ನಿಂತ ಕ್ಷಣ ತೆಗೆದು ಬೆನ್ನು ತಿರುಗಿಸಿ ನಡೆದುಬಿಡುವುದು. ಮೊದಲ ದಿನ ಅದು ಹದಿನೇಳು ಸಲ ಒದೆಯಿತು. ನಾಲ್ಕನೆಯ ದಿನ ಐದು ಸಲ. ಏಳನೆಯ ದಿನ ಕೋಲಿನ ಬದಲು ನನ್ನ ಕೈ. ಭುಜಕ್ಕೆ ಅಂಟಿ ನಿಂತು ಬೆನ್ನಿನ ಮೇಲಿಂದ ಕೈ ಜಾರಿಸುತ್ತ ಹೋದರೆ, ಚರ್ಮದ ಕೆಳಗೆ ಅದರ ನಡುಕ ನನ್ನ ಅಂಗೈಗೆ ತಿಳಿಯುತ್ತಿತ್ತು. ನನ್ನ ನಡುಕ ಅದಕ್ಕೂ ತಿಳಿದಿರಬೇಕು. ‘ಉಸುರು ಬಿಡವ್ವಾ, ನೀ ಸತ್ತೀ ಅಂತ ತಿಳಕೊಂಡು ಅದು ಹೆದರಾಕತ್ತೈತಿ’ ಎಂದು ಹೊರಸಿನಿಂದ ಕೂಗು.

ಅಮಾವಾಸ್ಯೆ ನಾಳೆ. ಸೀಳು ಕೂದಲಿನ ಗೆರೆಗೆ ಒಂದು ಕಡಲೆಕಾಳಿನಷ್ಟು ದೂರ. ಇವತ್ತು ಬೆಳಗ್ಗೆ ನಮ್ಮ ಮನೆಯವರು ಬಿಜಲಿಯ ಮುಖದ ಹಗ್ಗ ಹಿಡಿದರು, ಕಟ್ಟಲಿಲ್ಲ. ಪುಚ್ ಪುಚ್ ಎನ್ನಬಾರದೆಂದು ಮೊದಲೇ ಆಣೆ ಮಾಡಿಸಿದ್ದೆವು. ಅತ್ತೆಯವರು ದೂರ ಕುಳಿತು ದೇವರ ಹೆಸರು ಹೇಳುತ್ತಿದ್ದರು, ನಡುನಡುವೆ ‘ನಿಮ್ಮಪ್ಪನ ಮನಿಗೆ ಫೋನ್ ಮಾಡಿ ಹೇಳೀಯೋ ಇಲ್ಲೋ?’ ಎಂದು ನನ್ನನ್ನು ಕೇಳುತ್ತಿದ್ದರು. ಸೆರಗು ಸಿಕ್ಕಿಸಿ, ಕೈಯಲ್ಲಿ ಹುಸೇನಸಾಬರ ಗೊರಸು ತಿಕ್ಕುವ ಅರ ಹಿಡಿದು ಎಡಗಡೆ ನಿಂತೆ. ಕೈ ತೊಡೆಗೆ ಹೋಯಿತು, ಮೊಣಕಾಲಿಗೆ, ಅದರ ಕೆಳಗೆ. ‘ಎತ್ತು ಮಗಾ’ ಎಂದೆ. ಬಿಜಲಿ ಕಾಲು ಎತ್ತಿತು, ಎತ್ತಿದ್ದನ್ನು ಹಿಂದಕ್ಕೆ ಝಾಡಿಸಿತು. ಗೊರಸು ಗಾಳಿ ಸೀಳಿಕೊಂಡು ನೀರಿನ ಬಕೆಟ್ಟಿಗೆ ಬಡಿಯಿತು; ಬಕೆಟ್ಟು ಗೋಡೆಗೆ ಹೋಗಿ ಮಡಚಿ ಬಿತ್ತು. ನನ್ನ ಮೊಣಕಾಲು ಅಲ್ಲಿಂದ ಒಂದು ಗೇಣು.

‘ಕೈ!’ ಎಂದರು ಹುಸೇನಸಾಬರು.

ಕೈ ಅಲ್ಲೇ ಇತ್ತು. ಹೇಗಿತ್ತೋ ನನಗೆ ಗೊತ್ತಿಲ್ಲ, ಉಳಿದ ನಾನು ಆಗಲೇ ಗ್ರಂಥಾಲಯದ ತನಕ ಓಡಿಹೋಗಿದ್ದೆ. ಬಿಜಲಿ ಮತ್ತೆರಡು ಸಲ ಝಾಡಿಸಿತು. ಕೈ ಅಲ್ಲೇ. ಆಮೇಲೆ ಅದು ಕುತ್ತಿಗೆ ತಿರುಗಿಸಿ ನನ್ನನ್ನು ನೋಡಿತು, ಉದ್ದನೆಯ ಉಸಿರು ಬಿಟ್ಟಿತು. ಕಾಲು ನನ್ನ ತೊಡೆಯ ಮೇಲೆ ಭಾರವಾಗಿ ಬಂದು ಕುಳಿತಿತು, ನಿದ್ದೆಗಣ್ಣಿನ ಕೂಸಿನ ತಲೆಯಂತೆ. ಅರದಿಂದ ನಾಲ್ಕು ಸಲ ತಿಕ್ಕಿ, ಅದು ಸುಮ್ಮನಿರುವಾಗಲೇ ನೆಲಕ್ಕೆ ಬಿಟ್ಟೆ. ಮತ್ತೆ ಎತ್ತಿದೆ, ಮತ್ತೆ ಬಿಟ್ಟೆ. ಒಂದೂವರೆ ತಾಸಿನಲ್ಲಿ ಚಾಚಿದ ಅಂಚು ಹೋಯಿತು. ಸೀಳಿನ ತಲೆಗೆ ಅಡ್ಡಗೆರೆ ಕೊರೆದು ಅದನ್ನು ಅಲ್ಲಿಗೇ ನಿಲ್ಲಿಸಿದೆವು. ಬಲಗಾಲಿನ ಗೊರಸನ್ನೂ ತಿಕ್ಕಿದೆ, ಅದು ಸೊಟ್ಟಗಾಗಿದೆ. ‘ನಮ್ಮಪ್ಪ ನೋಡಿದ್ರ ಅರ ತಗೊಂಡು ನನ್ನ ತಲಿಗೆ ಹೊಡೀತಿದ್ದ’ ಎಂದರು ಹುಸೇನಸಾಬರು. ಕುಂಟು ಬರುವುದೋ ಇಲ್ಲವೋ ಗೊರಸು ಬೆಳೆದ ಮೇಲೇ ತಿಳಿಯುತ್ತದೆ. ನಮ್ಮ ಮನೆಯವರು ಫೋನು ತೆಗೆದು, ನಾಡಿದ್ದು ಬರುವವರಿಗೆ ಬರಬೇಡಿ ಎಂದರು. ಹುಸೇನಸಾಬರು ತಮ್ಮ ಅರವನ್ನು ವಾಪಸು ಕೇಳಲಿಲ್ಲ. ನಾನು ಅವರ ಚೀಲಕ್ಕೆ ಹಾಕಹೋದರೆ, ‘ನಿನ್ನ ಕಡೆನ ಇರಲಿ, ನಾ ಇನ್ನ ಏನು ಮಾಡ್ಲಿ ಅದನ್ನ’ ಎಂದು ಬೇರೆ ಕಡೆ ನೋಡಿದರು. ಅರವನ್ನು ಸೆರಗಿನಿಂದ ಒರೆಸಿ ಒಳಗೆ ಇಟ್ಟುಬಂದೆ.

ಮಧ್ಯಾಹ್ನ ಎಲ್ಲರೂ ಕಟ್ಟೆಯ ಮೇಲೆ ಕುಳಿತು ರೊಟ್ಟಿ, ಮೆಂತ್ಯಪಲ್ಲೆ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು ಉಂಡೆವು. ಹುಸೇನಸಾಬರು ನಾಲ್ಕು ರೊಟ್ಟಿ ತಿಂದರು, ಬಿಜಲಿ ನೆನೆಸಿದ ಕಡಲೆ ತಿಂದಿತು. ಕೆಡವಿದ ದಿನದಿಂದ ಅದು ಹಗಲಿರಲಿ ರಾತ್ರಿಯಿರಲಿ ಮಲಗಿದ್ದನ್ನು ನಾನು ಕಂಡಿಲ್ಲ, ನಿಂತೇ ತೂಕಡಿಸುತ್ತದೆ. ಧೈರ್ಯ ಬಂದರೆ ಮಾತ್ರ ಕುದುರೆ ನೆಲಕ್ಕೆ ಮೈ ಹಾಕುತ್ತದೆ ಎಂದು ಹುಸೇನಸಾಬರು ಹೇಳಿದ್ದರು. ಇವತ್ತು ಮಲಗುವುದೋ ನೋಡಿಯೇಬಿಡೋಣ ಎಂದು ಕಂಬಕ್ಕೆ ಒರಗಿ, ಕಣ್ಣು ಮಿಟುಕಿಸದೆ ಕಾಯುತ್ತ ಕುಳಿತೆ.

ಮೊದಲು ನಿದ್ದೆ ಹೋದವಳು ನಾನು. ಎಚ್ಚರವಾದಾಗ ಬಿಸಿಲು ಕಟ್ಟೆ ಇಳಿದಿತ್ತು, ಬಿಜಲಿ ಎದ್ದು ನಿಂತು ಕಿವಿ ನಿಮಿರಿಸಿ ನನ್ನನ್ನೇ ನೋಡುತ್ತಿತ್ತು, ಅದರ ಪಕ್ಕೆಗೆ ಒಣ ಹುಲ್ಲು ಅಂಟಿತ್ತು. ಅತ್ತೆಯವರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸದೆ ಹೇಳಿದರು: ‘ಮಲಗಿತ್ತವ್ವಾ, ನಾಕೂ ಕಾಲು ಚಾಚಿ ಮಲಗಿತ್ತು ಪಾಪ. ನಿನ್ನ ಗೊರಕಿ ಕೇಳಿ ಬೆದರಿ ಎದ್ದು ನಿಂತೈತಿ.’